ಅಕ್ಕನ ಹೊಟ್ಟೆಯೊಳಗಿನ ಮನೆಅಳಿಯ

ಹೆಬ್ಬಾಳ ಕೆರೆಯ ಗೇಟಿನ ಬಳಿ ಬೆಳಗಿನ ಹೊತ್ತು ಒಬ್ಬರು ಸ್ಕೂಟರ್ ನಿಲ್ಲಿಸಿಕೊಂಡು ರಸ ಮಾರುತ್ತಾರೆ. ಸೀಟಿನ ಮೇಲೆ ಸಾಲಾಗಿ ಸ್ಟೀಲಿನ ಫ್ಲಾಸ್ಕುಗಳು. ಹಾಗಲಕಾಯಿ, ಬೂದುಗುಂಬಳ, ನೆಲ್ಲಿಕಾಯಿ. ವಾಕಿಂಗ್ ಮುಗಿಸಿದವರು ಬಂದು ಮುಖ ಕಿವುಚಿಕೊಂಡು ಕುಡಿದು ಹೋಗುತ್ತಾರೆ. ಹೋದ ತಿಂಗಳು ನಾನು ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಅವರು ಒಂದು ಫ್ಲಾಸ್ಕಿನ ಮುಚ್ಚಳ ತೆಗೆದರು. ಹಸಿ ಕಾಂಡ ಜಜ್ಜಿ ಕುದಿಸಿದ ಕಹಿ ವಾಸನೆ, ಅದರ ಹಿಂದೆಯೇ ಮೆಣಸು, ಒಣಶುಂಠಿ... ಅಮೃತಬಳ್ಳಿಯ ಕಷಾಯ. ನನ್ನ ಬಸ್ಸು ಬಂತು, ಹೋಯಿತು. ನಾನು ಅಲ್ಲೇ ನಿಂತಿದ್ದೆ.

ಅಕ್ಕನ ನೆನಪು ನನಗೆ ಬೇರೆ ಯಾವ ದಾರಿಯಲ್ಲಿ ಬಂದರೂ ತಡೆದುಕೊಳ್ಳುತ್ತೇನೆ. ಈ ವಾಸನೆಯಲ್ಲಿ ಬಂದರೆ ಮಾತ್ರ ಆಗುವುದಿಲ್ಲ.

ಅಕ್ಕ ಆರ್.ಟಿ. ನಗರದಲ್ಲಿದ್ದಳು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ನಾನು ಬಾಗಲೂರಿನಲ್ಲೇ ಉಳಿದವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಯಶವಂತಪುರದ ಯಾರ್ಡಿನ ಒಂದು ಬೇಳೆಕಾಳಿನ ಮಂಡಿಗೆ ಸೇರಿ, ಈಗಲೂ ಅಲ್ಲೇ ಇದ್ದೇನೆ. ಲಾರಿ ಬಂದಾಗ ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ ಒಂದು ಹಿಡಿ ಕಾಳು ಹೊರತೆಗೆದು, ಅಂಗೈ ಮೇಲಿಟ್ಟುಕೊಂಡು ಕೊಳ್ಳುವವರಿಗೆ ತೋರಿಸುವುದು ನನ್ನ ಕೆಲಸ. ಅಕ್ಕನಿಗೆ ಬಿಪಿ ಏರಿ ಏರಿ ಎರಡೂ ಕಿಡ್ನಿ ಹೋದವು. ಡಯಾಲಿಸಿಸ್‌ನಲ್ಲಿ ಅವಳು ಒಣಗುತ್ತಿದ್ದುದನ್ನು ನೋಡಲಾರದೆ ನಾನು ಒಂದು ಕೊಡುತ್ತೇನೆ ಅಂದೆ. ಪರೀಕ್ಷೆಯಲ್ಲಿ ಹೊಂದಿತು. ಪೂರ್ತಿ ಅಲ್ಲ, ಅರ್ಧ ಹೊಂದಿದೆ, ಸಾಕು ಅಂದರು ಡಾಕ್ಟರು. ಒಂದೇ ತಾಯಿಯ ಹಾಲು ಕುಡಿದ ನಮ್ಮಲ್ಲಿ ಅರ್ಧ ಮಾತ್ರ ಹೊಂದುವುದೇನು ಅಂತ ನನಗೆ ಒಳಗೊಳಗೇ ಬೇಸರವಾಗಿತ್ತು.

ಆಪರೇಷನ್ ಚೆನ್ನಾಗಿಯೇ ಆಯಿತು. ಅಕ್ಕನ ಮುಖಕ್ಕೆ ಬಣ್ಣ ಬಂತು. ಅವಳು ಆ ಕಿಡ್ನಿಗೆ ಮನೆಅಳಿಯ ಅಂತ ಹೆಸರಿಟ್ಟಳು. ನಾನು ಹೋದಾಗಲೆಲ್ಲ ಹೊಟ್ಟೆಯ ಬಲಗಡೆ ಮೆಲ್ಲಗೆ ತಟ್ಟಿ ಅವನ ಸಮಾಚಾರ ಹೇಳುತ್ತಿದ್ದಳು.

"ಪಾಪ, ಹಗ್ಲೂ ರಾತ್ರಿ ದುಡೀತಾನೆ ಕಣೋ. ಆದ್ರೆ ಬೇರೆ ಮನೆಯೋನು ಅಂತ ಇಲ್ಲಿಯೋರು ಎದ್ದು ಕೂತ್ರೋ, ಓಡಿಸ್ಬಿಡ್ತಾರೆ. ಅದಕ್ಕೇ ಎಲ್ರಿಗೂ ಮಾತ್ರೆ ಕೊಟ್ಟು ಮಲಗ್ಸಿಟ್ಟಿದೀನಿ."

"ಯಾರನ್ನ ಮಲಗ್ಸಿದೀಯ?" ಅಂದೆ.

ಆಸ್ಪತ್ರೆಯಲ್ಲಿ ಕಸಿ ಮಾಡಿಸಿಕೊಂಡವರನ್ನು ಕೂರಿಸಿ ಎಲ್ಲ ಬಿಡಿಸಿ ಹೇಳಿದ್ದರಂತೆ. ಅಕ್ಕ ಬ್ಲೌಸ್ ಪೀಸಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತ, ಅದನ್ನು ನನ್ನ ಭಾಷೆಗೆ ತಿರುಗಿಸಿ ಹೇಳಿದಳು.

"ನಿನ್ ಮಂಡಿ ಇದ್ದಂಗೇ ಕಣೋ ಅದು. ಮೈಯೊಳಗೂ ನಿನ್ನಂಥ ಸ್ಯಾಂಪಲ್ ತೆಗೆಯೋರು ಇದಾರಂತೆ."

ಅವಳು ಹೇಳಿದ್ದು ನನಗೆ ಇವತ್ತಿಗೂ ಮರೆತಿಲ್ಲ. ಮೈಯೊಳಗೆ ಹೊಸದೇನು ಸೇರಿದರೂ ಕೆಲವು ಕಣಗಳು ಅದರ ಒಂದು ಚೂರು ಕಿತ್ತುಕೊಂಡು, ಕುತ್ತಿಗೆ, ಕಂಕುಳು, ತೊಡೆಸಂದಿಯ ಗಂಟುಗಳಿಗೆ ಹೋಗುತ್ತವೆ. ಆ ಗಂಟುಗಳೇ ಮಂಡಿ. ಅಲ್ಲಿ ಬಿಳಿಯ ಕಣಗಳ ಸಂತೆಯೇ ನೆರೆದಿರುತ್ತದೆ. ಚೂರು ತಂದ ಕಣಗಳು ಅದನ್ನು ತಮ್ಮ ಮೈಮೇಲೆ ಎತ್ತಿ ಹಿಡಿದು ತೋರಿಸುತ್ತವೆ. ಬಿಳಿಯ ಕಣಗಳು ಒಂದೊಂದೇ ಬಂದು ಮುಟ್ಟಿ ನೋಡುತ್ತವೆ. ಒಂದು ಕಣಕ್ಕೆ ಒಂದೇ ಆಕಾರ ಗೊತ್ತು, ಬೇರೆ ಯಾವುದೂ ತಿಳಿಯದು. ತೊಗರಿಯವನಿಗೆ ಹೆಸರುಕಾಳು ಕಾಣದು ಅನ್ನುವ ಹಾಗೆ. ಲಕ್ಷಾಂತರ ಕಣಗಳು ಮುಟ್ಟಿ, ನಂದಲ್ಲ ಅಂತ ಸರಿದು ಹೋಗುತ್ತವೆ. ಎಲ್ಲೋ ಒಂದಕ್ಕೆ ಆ ಚೂರು ಸರಿಯಾಗಿ ಕೂಡುತ್ತದೆ. ಕೂಡಿದರೂ ಅದು ತಕ್ಷಣ ಏಳುವುದಿಲ್ಲ. ತೋರಿಸಿದ ಕಣವೇ ಇನ್ನೊಂದು ಕೈಯಿಂದ ತಟ್ಟಿ, ಹೌದು, ಇದು ಅಪಾಯ, ಏಳು ಅನ್ನಬೇಕು. ತಟ್ಟದೆ ಬರೀ ತೋರಿಸಿದರೆ ಅದು ಮಂಕಾಗಿ ಕೂತುಬಿಡುತ್ತದೆ. ತಟ್ಟಿದರೆ ಮಾತ್ರ ಎದ್ದು, ಒಂದು ಎರಡಾಗಿ, ಎರಡು ನಾಲ್ಕಾಗಿ, ದೊಡ್ಡ ದಂಡಾಗಿ ಹೊರಡುತ್ತದೆ.

"ಇನ್ನೊಂದ್ ಕೇಳು," ಅಂದಳು. "ಆ ಆಕಾರನ ಕಣಗಳು ಕಾಯಿಲೆ ನೋಡಿ ಕಲಿಯೋದಲ್ವಂತೆ. ಹುಟ್ತಾನೇ ಒಂದೊಂದು ಒಂದೊಂದ್ ಥರ ಹುಟ್ಟೋದಂತೆ. ನಾಳೆ ಯಾವ್ದೋ ದೇಶದಲ್ಲಿ ಹುಟ್ಟೋ ಕಾಯಿಲೆಗೂ ನಿನ್ ಮೈಯಲ್ಲಿ ಇವತ್ತೇ ಒಂದು ಕಣ ಕಾಯ್ತಾ ಕೂತಿರುತ್ತೆ."

ನಾನು ಇಡೀ ಜೀವನ ಕಾಳು ನೋಡಿದವನು. ಮುಟ್ಟಿದರೆ ಬೀದರಿನ ತೊಗರಿಯೋ ಕಲಬುರಗಿಯದೋ ಹೇಳಬಲ್ಲೆ ಅಂತ ನನಗೆ ಜಂಬವಿತ್ತು. ಆದರೆ ನಾನು ಕಲಿತದ್ದು ಬಂದ ಮಾಲನ್ನು ಮುಟ್ಟಿ ಮುಟ್ಟಿ. ಬಾರದ ಮಾಲಿಗೆ ಕಾಯುವ ವಿದ್ಯೆ ಯಾವ ಯಾರ್ಡಿನಲ್ಲಿದೆ? ನಮ್ಮ ಮೈಯನ್ನೇ ಶತ್ರು ಅನ್ನುವ ಕಣಗಳೂ ಹುಟ್ಟುತ್ತವಂತೆ. ಎದೆಮೂಳೆಯ ಹಿಂದೆ ಒಂದು ಪುಟ್ಟ ಗ್ರಂಥಿಯಿದೆ, ಅದು ಅಂಥವನ್ನು ಆರಿಸಿ ಕಳೆದುಬಿಡುತ್ತದೆ, ಮಕ್ಕಳಲ್ಲಿ ಅದಕ್ಕೆ ತುಂಬಾ ಕೆಲಸ ಅಂದಳು. ಅಂದರೆ ನಾವಿಬ್ಬರೂ ಬಾಗಲೂರಿನ ಬೀದಿಯಲ್ಲಿ ಮಣ್ಣಾಡುತ್ತಿದ್ದಾಗ, ಅವಳ ಎದೆಯೊಳಗೆ ಯಾರು ತನ್ನವರು, ಯಾರು ಅಲ್ಲ ಅನ್ನುವ ಪಾಠ ನಡೆದಿತ್ತು. ಆ ಪಾಠದಲ್ಲಿ ನಾನು ಇರಲಿಲ್ಲ.

"ಮಾತ್ರೆ ತಗೊಂಡ್ರೆ ಗುರ್ತು ಮರೆತೋಗುತ್ತಾ?" ಅಂತ ಕೇಳಿದ್ದೆ.

"ಇಲ್ಲ ಕಣೋ. ಗುರ್ತು ಸಿಗುತ್ತೆ. ಏಳಕ್ಕಾಗಲ್ಲ ಅಷ್ಟೇ."

ಇಷ್ಟೆಲ್ಲ ಕೇಳಿಸಿಕೊಂಡವನು ನಾನು. ಬೆರಗಾಗಿ ಕೇಳಿದೆ, ಆದರೆ ಅದರಂತೆ ನಡೆದುಕೊಳ್ಳಲಿಲ್ಲ.

ಕೊರೊನಾ ಬಂತು. ಟಿವಿಯಲ್ಲಿ, ಫೋನಿನಲ್ಲಿ, ಯಾರ್ಡಿನಲ್ಲಿ ಎಲ್ಲ ಕಡೆ ಒಂದೇ ಮಾತು. ರೋಗ ತಡೆಯುವ ಶಕ್ತಿ ಬೆಳೆಸಿಕೊಳ್ಳಿ, ಕಷಾಯ ಕುಡಿಯಿರಿ. ನನಗೆ ಅಕ್ಕನದೇ ಯೋಚನೆ. ಊರಿಗೆಲ್ಲ ಶಕ್ತಿ ಬೇಕಾದ ಹೊತ್ತಿನಲ್ಲಿ ಇವಳೊಬ್ಬಳು ಮಾತ್ರೆ ನುಂಗಿ ತನ್ನ ಶಕ್ತಿಯನ್ನು ಮಲಗಿಸಿಕೊಂಡು ಕೂತಿದ್ದಾಳೆ. ನಮ್ಮ ಹಿತ್ತಲ ಬೇವಿನ ಮರಕ್ಕೆ ಅಮೃತಬಳ್ಳಿ ಹಬ್ಬಿತ್ತು. ಬೇವಿನ ಮೇಲೆ ಹಬ್ಬಿದ್ದು ಶ್ರೇಷ್ಠ ಅನ್ನುತ್ತಾರೆ. ಕಾಂಡ ಜಜ್ಜಿ, ನೀರು ಅರ್ಧಕ್ಕೆ ಇಳಿಯುವವರೆಗೆ ಕುದಿಸಿ, ಬಾಟಲಿಯಲ್ಲಿ ತುಂಬಿಕೊಂಡು ಹೋದೆ. ಭಾವ ಆಗ ಕೆಲಸಕ್ಕೆ ಹೋಗಿದ್ದರು.

"ಬೇಡ ಕಣೋ. ನಾಟಿ ಔಷಧಿ ಏನೂ ಮುಟ್ಬೇಡಿ ಅಂತ ಡಾಕ್ಟ್ರು ಕಂಡಾಪಟ್ಟೆ ಹೇಳಿದಾರೆ."

"ಇದ್ಯಾವ ಔಷಧಿ? ಬಳ್ಳಿ ನೀರು. ಇಡೀ ಬೆಂಗ್ಳೂರೇ ಕುಡೀತೈತೆ, ನಿಂಗೊಬ್ಳಿಗೇನ್ ಆಗೋದು?"

ಅವಳು ಮತ್ತೆ ತಲೆಯಾಡಿಸಿದಾಗ ನಾನು ಒಂದು ಮಾತು ಆಡಿದೆ. "ಒಳಗಿರೋದು ನಂದೇ ಅಲ್ವೇನಕ್ಕ? ಅದ್ರ ಮೇಲೆ ನಂಗಿಷ್ಟೂ ಮಾತಿಲ್ವಾ?"

ಅಕ್ಕ ನನ್ನ ಮುಖ ನೋಡಿದಳು. ಬಾಟಲಿ ತೆಗೆದುಕೊಂಡು ಕುಡಿದಳು. ಆಮೇಲೆ ವಾರವಾರವೂ ಒಯ್ದು ಕೊಟ್ಟೆ. ಮಾತ್ರೆಗಳನ್ನು ಅವಳು ಒಂದು ಹೊತ್ತೂ ತಪ್ಪಿಸಲಿಲ್ಲ. ನಾನು ಕಷಾಯವನ್ನೂ ತಪ್ಪಿಸಲು ಬಿಡಲಿಲ್ಲ...

ಅವಳ ಕಾಲು ಊದಿಕೊಂಡಿತು, ಮೂತ್ರ ಕಡಿಮೆಯಾಯಿತು. ಆಸ್ಪತ್ರೆಯ ಒಳಗೆ ಒಬ್ಬರನ್ನು ಮಾತ್ರ ಬಿಡುತ್ತಿದ್ದ ಕಾಲ. ಭಾವ ಕೆಳಗೆ ಗೇಟಿನಲ್ಲಿ ನಿಂತರು, ನಾನು ಒಳಗೆ ಹೋದೆ. ಡಾಕ್ಟರು ಕೇಳಿದರು. "ಮಾತ್ರೆ ಬಿಟ್ಟು ಬೇರೆ ಏನಾದ್ರೂ ತಗೊಂಡ್ರೇನಮ್ಮ? ಕಷಾಯ, ಪುಡಿ, ಲೇಹ್ಯ, ಏನಾದ್ರೂ?"

ಅಕ್ಕ ಮಾಸ್ಕಿನ ಮೇಲಿಂದ ನನ್ನತ್ತ ನೋಡಿದಳು. ನಾನು ನೆಲ ನೋಡಿದೆ.

"ಇಲ್ಲ ಡಾಕ್ಟ್ರೇ," ಅಂದಳು ಅಕ್ಕ.

ಕಷಾಯ ಕೊಟ್ಟದ್ದು ದಡ್ಡತನ. ನೆಲ ನೋಡಿದ್ದು ದಡ್ಡತನವಲ್ಲ. ನನ್ನನ್ನು ಇರಿಯುವುದು ಅದು.

ಕಿಡ್ನಿಯಿಂದ ಸೂಜಿಯಲ್ಲಿ ಒಂದು ಚೂರು ತೆಗೆದು ಪರೀಕ್ಷಿಸಿದರು. ನಾನು ಏನಾಗಿದೆ ಅಂತ ಮತ್ತೆ ಮತ್ತೆ ಕೇಳಿದ್ದಕ್ಕೆ ಡಾಕ್ಟರು ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿದರು. ಗುಲಾಬಿ ಬಣ್ಣದ ನೆಲ, ಅದರಲ್ಲಿ ಸಣ್ಣ ಸಣ್ಣ ಬಳೆಗಳಂಥ ನಾಳಗಳು. ಅವುಗಳ ನಡುವೆ, ಗೋಡೆಗಳೊಳಗೆ, ಎಲ್ಲಿ ನೋಡಿದರೂ ನೇರಳೆ ಚುಕ್ಕಿ. "ಈ ಚುಕ್ಕಿಗಳೇ ಆ ಕಣಗಳು. ಇದು ಹೊರಗಿಂದು ಅಂತ ಅವಕ್ಕೆ ಗೊತ್ತಾಗಿದೆ," ಅಂದರು.

ಆಗ ನನಗೆ ಅಳು ಬರಬೇಕಿತ್ತು. ಬಂದದ್ದು ಬೆರಗು. ಇದನ್ನು ಬರೆಯಲೂ ನಾಚಿಕೆಯಾಗುತ್ತದೆ. ನಮ್ಮಿಬ್ಬರ ಮೂಗು ಒಂದೇ, ಕೈಬೆರಳು ಒಂದೇ, ಚಿಕ್ಕಂದಿನಲ್ಲಿ ದನಿ ಕೇಳಿದರೆ ಅಮ್ಮನೇ ತಪ್ಪುತ್ತಿದ್ದಳು. ಅಮ್ಮನಿಗೆ ತಿಳಿಯದ ವ್ಯತ್ಯಾಸ ಆ ಚುಕ್ಕಿಗಳಿಗೆ ತಿಳಿದಿತ್ತು. ಅವಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ನನ್ನನ್ನು ಮುಟ್ಟಿ, ಇವನು ಇವಳಲ್ಲ ಅಂತ ಹೇಳಿದ್ದವು. ಅವಳನ್ನು ಕಾಪಾಡಲೆಂದೇ ಎದ್ದಿದ್ದವು. ಅವುಗಳಲ್ಲಿ ಒಂದಾದರೂ ಅವಳಿಗೆ ಕೇಡು ಬಯಸಿರಲಿಲ್ಲ. ನಾನೂ ಬಯಸಿರಲಿಲ್ಲ.

ದೊಡ್ಡ ದೊಡ್ಡ ಇಂಜೆಕ್ಷನ್ ಕೊಟ್ಟರೂ ಕಿಡ್ನಿ ಉಳಿಯಲಿಲ್ಲ. ಅಕ್ಕ ಮತ್ತೆ ಡಯಾಲಿಸಿಸ್‌ಗೆ ಹೋದಳು. ಒಂದು ದಿನ ನಾನು ಮಿಷನ್ ಪಕ್ಕ ಕೂತಿದ್ದಾಗ, "ಮನೆಅಳಿಯನ್ನ ಓಡಿಸ್ಬಿಟ್ರು ನೋಡೋ," ಅಂತ ನಕ್ಕಳು. ನಾನು ನಗಲಿಲ್ಲ. ಆಗ ದನಿ ತಗ್ಗಿಸಿ ಹೇಳಿದಳು. "ಕಷಾಯದ ಮಾತು ನಿಮ್ ಭಾವಂಗೆ ಹೇಳ್ಬೇಡ. ನಿನ್ನ ದೇವ್ರು ಅಂದ್ಕೊಂಡಿದಾರೆ ಅವ್ರು. ಹಂಗೇ ಇರ್ಲಿ." ಅದಾದ ಮೇಲೆ ಅವಳು ಬಹಳ ಕಾಲ ಇರಲಿಲ್ಲ.

ಒಂದು ಕಿಡ್ನಿ ಕೊಟ್ಟವನೆಂದು ನನ್ನನ್ನು ವರ್ಷಕ್ಕೊಮ್ಮೆ ಪರೀಕ್ಷೆಗೆ ಕರೆಯುತ್ತಾರೆ. ಎರಡು ವರ್ಷ ಬಾಯಿ ಬಿಡದೆ ಬಂದೆ. ಮೂರನೆಯ ಸಲ ಅದೇ ಡಾಕ್ಟರಿಗೆ ಕಷಾಯದ ವಿಷಯ ಹೇಳಿಬಿಟ್ಟೆ. ಅವರು ಪೆನ್ನು ಕೆಳಗಿಟ್ಟರು. "ಮಾತ್ರೆ ಮಲಗಿಸಿದ ಕಣಗಳನ್ನ ಆ ಬಳ್ಳಿ ಎಬ್ಬಿಸಬಹುದು. ಅದರಿಂದಲೇ ಆಯ್ತು ಅಂತ ಹೇಳಕ್ಕಾಗಲ್ಲ. ಅದಲ್ಲ ಅಂತಲೂ ಹೇಳಕ್ಕಾಗಲ್ಲ. ಆದ್ರೆ ಅವತ್ತೇ ಹೇಳಿದ್ದಿದ್ರೆ ಅದನ್ನಾದ್ರೂ ನಿಲ್ಲಿಸ್ತಿದ್ವಿ," ಅಂದರು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೋದ ತಿಂಗಳು ಆ ವಾಸನೆ ಮೂಗಿಗೆ ಬಡಿದ ದಿನ ನಾನು ಯಾರ್ಡಿಗೆ ಹೋಗಲಿಲ್ಲ. ಆರ್.ಟಿ. ನಗರದ ಬಸ್ಸು ಹತ್ತಿದೆ. ಭಾವ ಪಕ್ಕದ ಮನೆಗೆ ಹೊಸದಾಗಿ ಬಂದವರೊಡನೆ ಮಾತಾಡುತ್ತಿದ್ದರು. "ಇವ್ರೇ ಕಣ್ರೀ ನಾನ್ ಹೇಳಿದ್ದು. ನಮ್ಮನೆಯೋಳ್ಗೆ ಕಿಡ್ನಿ ಕೊಟ್ಟ ಪುಣ್ಯಾತ್ಮ," ಅಂದರು. ಆ ಮನುಷ್ಯ ನನಗೆ ಕೈ ಮುಗಿದರು. ನಾನೂ ಮುಗಿಯಬೇಕಾಯಿತು.

ಒಳಗೆ ಹೋಗಿ ಕೂತ ಮೇಲೆ ಎಲ್ಲ ಹೇಳಿದೆ. ಬಳ್ಳಿ, ಬಾಟಲಿ, ನಾನು ಆಡಿದ ಮಾತು, ಡಾಕ್ಟರು ಕೇಳಿದ್ದು, ನಾನು ನೆಲ ನೋಡಿದ್ದು. ಭಾವ ಎದ್ದು ಹೊಡೆಯುತ್ತಾರೆ ಅಂದುಕೊಂಡಿದ್ದೆ. ಅವರು ಲುಂಗಿಯ ಅಂಚನ್ನು ಮಡಿಸಿದರು, ಬಿಚ್ಚಿದರು.

"ಡಾಕ್ಟ್ರು ಕೇಳ್ದಾಗ ಅವಳೂ ಇಲ್ಲ ಅಂದ್ಲಾ?"

"ನನ್ನ ಉಳಿಸಕ್ಕೆ ಅಂದ್ಲು ಭಾವ. ನಿಮ್ಗೆ ಹೇಳ್ಬೇಡ ಅಂದಿದ್ದೂ ಅವಳೇ."

"ಡಯಾಲಿಸಿಸ್‌ಗೆ ನಾನೇ ಕರ್ಕೊಂಡೋಗ್ತಿದ್ದೆ," ಅಂದರು ಭಾವ. "ಹೋಗ್ತಾ ಬರ್ತಾ ಆಟೋದಲ್ಲಿ ಇರೋದು ಇಲ್ಲದ್ದು ಎಲ್ಲ ಮಾತಾಡೋಳು. ಹೊಲಿಯಕ್ಕೆ ಕೊಟ್ಟೋರ ಸೊಂಟದ ಅಳತೆ ಕೂಡ ಹೇಳಿ ನಗೋಳು..." ಆಮೇಲೆ, ನನಗಲ್ಲ, ಗೋಡೆಗೆ ಹೇಳಿದ ಹಾಗೆ, "ನಂಗೆ ಹೇಳ್ಲಿಲ್ವಲ್ಲ," ಅಂದರು.

ಅಕ್ಕನನ್ನು ನಾವಿಬ್ಬರೂ ಒಟ್ಟಿಗೆ ಕಳೆದುಕೊಂಡೆವು ಅಂತ ನಾನು ಇಷ್ಟು ವರ್ಷ ಅಂದುಕೊಂಡಿದ್ದೆ. ಅವತ್ತು ಭಾವ ಅವಳನ್ನು ಇನ್ನೊಂದು ಸಲ ಕಳೆದುಕೊಂಡರು, ನನ್ನೆದುರಿಗೇ. ನನ್ನ ಮನಸ್ಸು ಹಗುರವಾಗಲೆಂದು ಹೋಗಿದ್ದೆ. ಅವರಿಗೆ ಉಳಿದಿದ್ದ ಅಕ್ಕನಲ್ಲಿ ಒಂದು ಪಾಲು ಕಿತ್ತುಕೊಂಡು ಎದ್ದು ಬಂದೆ. ಪ್ರತಿ ಭಾನುವಾರ ಫೋನ್ ಮಾಡಿ, ನೀರು ಚೆನ್ನಾಗಿ ಕುಡೀತಿದೀಯೇನಪ್ಪ ಅಂತ ಕೇಳುತ್ತಿದ್ದವರು ಆಮೇಲೆ ಮಾಡಿಲ್ಲ.