ಶ್ರೀಕಂಠನನ್ನು ಹಾಡಿ ಅತ್ತದ್ದು

ಶ್ರೀಕಂಠ ತೀರಿಕೊಂಡದ್ದು ವಿಜಯವಾಡದ ಬಾಡಿಗೆ ಮನೆಯಲ್ಲಿ, ಕುಕ್ಕರ್ ಒಲೆಯ ಮೇಲಿದ್ದಾಗಲೇ. ಹೆಂಡತಿ ಸುಮಿತ್ರಾ ಬ್ಯಾಂಕಿನಲ್ಲಿದ್ದಳು. ಎದುರುಮನೆಯ ಲಕ್ಷ್ಮೀಕಾಂತಮ್ಮ ಫೋನ್ ಮಾಡಿ ಕರೆಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹಿಂದೆ ವಿಶಾಖಪಟ್ಟಣದಲ್ಲಿದ್ದಾಗ ಅವನು ಪರವಾಡದ ಔಷಧಿ ಕಾರ್ಖಾನೆಯೊಂದಕ್ಕೆ ಕಂಪನಿ ಬಸ್ಸಿನಲ್ಲಿ ಹೋಗಿಬರುತ್ತಿದ್ದ. ಸುಮಿತ್ರಾಳಿಗೆ ಬಡ್ತಿಯ ಜೊತೆಗೆ ವಿಜಯವಾಡಕ್ಕೆ ವರ್ಗವೂ ಆಯಿತು. ಮಗಳು ಹರಿಣಿ ಆಗಿನ್ನೂ ಕೈಗೂಸು. "ನೀ ಆಫೀಸಿಗೆ ಹೋಗು, ಮನಿ ನಾ ನೋಡ್ಕೋತೀನಿ" ಎಂದವನೇ ಕೆಲಸ ಬಿಟ್ಟ. ಆಮೇಲೆ ಕೂಸನ್ನು ಎರೆದು ಮಲಗಿಸಿದವನೂ, ಅದು ದೊಡ್ಡದಾದಂತೆ ಜಡೆ ಹೆಣೆದವನೂ ಅವನೇ.

ಮರುದಿನ ಗದಗದ ಕಡೆಯಿಂದ ಅವನ ತಾಯಿ ನೀಲವ್ವ ನೆಂಟರೊಡನೆ ಬಂದಳು. ಮಗನ ಎದೆಯ ಮೇಲೆ ಬಿದ್ದು, ಊರಿನ ರೂಢಿಯಂತೆ ಹಾಡಿಕೊಂಡು ಅಳತೊಡಗಿದಳು.

"ಪಂಚರ ಸಾಲಾಗ ಪಟಗಾ ಸುತ್ತಿ ಕುಂತಾಂವ,
ಹನ್ನೆರಡೆತ್ತಿನ ಒಡೆಯಾ, ನನ್ನ ದೊರಿಯೇ,
ನಿನ್ನ ಮಾತಿಗೆ ಊರ ನಿಂತಿತ್ತಲ್ಲೋ..."

ಶ್ರೀಕಂಠ ಎತ್ತು ಕಟ್ಟಿದವನಲ್ಲ, ತಲೆಗೆ ಪಟಗ ಸುತ್ತಿ ಪಂಚಾಯ್ತಿಗೆ ಕೂತವನೂ ಅಲ್ಲ. ಅಪ್ಪನನ್ನು ತೆಲುಗಿನಂತೆ 'ನಾನ್ನ' ಎಂದೇ ಕರೆಯುತ್ತಿದ್ದ ಹರಿಣಿ ತಾಯಿಯ ಕಿವಿಯಲ್ಲಿ ಕೇಳಿದಳು: "ಅಮ್ಮಾ, ಅಜ್ಜಿ ಯಾರಿಗೆ ಅಳ್ತಿದಾಳೆ? ಇದು ನಾನ್ನ ಅಲ್ಲ, ಅಲ್ವಾ?"

ಸುಮಿತ್ರಾಳಿಗೆ ತಡೆಯಲಾಗಲಿಲ್ಲ. ಅತ್ತೆಯ ಧಾಟಿಯನ್ನೇ ಹಿಡಿದಳು.

"ಮಗಳ ಜಡಿ ಹೆಣದ ಕೈಯೇ,
ನಾ ದಣದು ಬಂದರ ಬಿಸಿ ರೊಟ್ಟಿ ಬಡದ ಕೈಯೇ..."

ನೆಂಟರು ಮುಖ ಮುಖ ನೋಡಿಕೊಂಡರು. ನೀಲವ್ವನ ಅಳು ಗಕ್ಕನೆ ನಿಂತಿತು.

"ಬಾಯಿ ಮುಚ್ಚ! ಬದುಕಿದ್ದಾಗ ಮಂದಿ ಅಂದದ್ದು ಸಾಲಲಿಲ್ಲೇನು? ಇವತ್ತೊಂದಿನರ ನನ್ನ ಮಗಾ ಗಂಡಸಾಗಿ ಹೋಗ್ಲಿ."

"ಅತ್ತಿ, ಅವರು ಇದ್ದದ್ದ ಹಂಗ..."

"ಇದ್ದದ್ದನ್ನ ಹಾಡ್ತಾರೇನ ಹುಚ್ಚಿ? ಇರದದ್ದನ್ನ ಕೊಟ್ಟು ಕಳಸಾಕ ಹಾಡೋದು."

ಮಣ್ಣು ಮುಗಿದ ಮೇಲೆ ನೀಲವ್ವ ಸೊಸೆಯ ಮನೆಯಲ್ಲಿ ತೊಟ್ಟು ನೀರೂ ಕುಡಿಯದೆ ರೈಲು ಹತ್ತಿದಳು. ಮುಂದೆ ಫೋನ್ ಮಾಡಿದರೂ ಎತ್ತಲಿಲ್ಲ.

ಸುಮಿತ್ರಾ ಕೆಲಸಕ್ಕೆ ಮರಳಿದ ದಿನ, ಹೊಸದಾಗಿ ಬಂದಿದ್ದ ಮ್ಯಾನೇಜರ್ ಫಣೀಂದ್ರ ತನ್ನ ಕೋಣೆಗೆ ಕರೆದು ನಾಲ್ಕು ಸಮಾಧಾನದ ಮಾತಾಡಿದ. ಆಮೇಲೆ ತೆಲುಗಿನಲ್ಲಿ ಮೆಲ್ಲಗೆ ಕೇಳಿದ, ಯಜಮಾನರು ಏನು ಮಾಡುತ್ತಿದ್ದರು ಎಂದು.

"ಬಿಸಿನೆಸ್ ಇತ್ತು ಸಾರ್" ಎಂದುಬಿಟ್ಟಳು ಸುಮಿತ್ರಾ.

ಫಣೀಂದ್ರ ಗೌರವದಿಂದ ತಲೆಯಾಡಿಸಿದ. ಆ ಸಂಜೆ ಬ್ಯಾಂಕಿನ ಬಾಗಿಲು ಹಾಕುವ ಹೊತ್ತಾದರೂ ಅತ್ತೆಯಂತೆ ತಾನೂ ಇರದದ್ದನ್ನೇ ಹೇಳಿದೆನಲ್ಲ ಎಂದುಕೊಳ್ಳುತ್ತ ಅವಳು ಕುರ್ಚಿಯಲ್ಲೇ ಕೂತಿದ್ದಳು.