ರಂಭಾಬಾಯಿಯ ಮಾತು, ಪ್ರಣಿತಾಳ ದನಿ

ಮಹಾರಾಷ್ಟ್ರದ ಗಡಿಯೂರು ಉಮರಗಾದ ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ, ರಸ್ತೆಯ ಸದ್ದು ಒಳಬರದಂತೆ ಕಿಟಕಿಗೆ ಕೌದಿ ಇಳಿಬಿಟ್ಟು, ಪ್ರಣಿತಾ ಬೇರೆ ಹೆಂಗಸರ ಮಾತನ್ನು ಆಡುತ್ತಿದ್ದಳು. ಕೆಳಗೆ ಗಂಡ ಸಿದ್ಧೇಶ್ವರ ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದರೆ, ಮೇಲೆ ಈಕೆ ಮೊಬೈಲು ಹಿಡಿದು ಅತ್ತಿಂದಿತ್ತ ಓಡಾಡುತ್ತ ಓದುತ್ತಿದ್ದಳು. ಕೂತು ಓದಲು ಅವಳಿಗೆ ಎಂದೂ ಆಗಿರಲಿಲ್ಲ.

‘ರವಿವಾರಚೀ ಗೋಷ್ಟ’, ಅಂದರೆ ಭಾನುವಾರದ ಕತೆ, ಎಂಬುದು ಮರಾಠಿ ವಾಹಿನಿಯೊಂದರ ವಾರದ ಸುದ್ದಿ ಕಾರ್ಯಕ್ರಮ. ಪ್ರಣಿತಾ ಶಾಲೆಗೆ ಹೋಗುವಾಗಲೇ ಶುರುವಾದದ್ದು, ಇನ್ನೂ ನಡೆದಿದೆ. ನಿರೂಪಕರು ಬದಲಾದರೂ ಅದರ ಅಚ್ಚು ಬದಲಾಗಿಲ್ಲ. ಮೊದಲು ಒಂದು ಹಗರಣ, ನಡುವೆ ದೂರದ ಊರಿನ ಸುದ್ದಿ, ಆಮೇಲೆ ಒಬ್ಬ ಸಾಮಾನ್ಯ ಮನುಷ್ಯನ ಕತೆ, ಕಟ್ಟಕಡೆಗೆ ನೋಡುಗರು ಕಳಿಸಿದ ಅಭಿಪ್ರಾಯ. ಸಾಮಾನ್ಯ ಮನುಷ್ಯ ಯಾರೇ ಆಗಿರಲಿ, ಹೊಲದ ಬದುವಿನ ಮೇಲೆ ನಡೆದು ಬಂದು ನಿಂತು ದೂರಕ್ಕೆ ನೋಡಲೇಬೇಕು. ಗಡಿಯ ಹೆಂಗಸು ಕನ್ನಡದಲ್ಲಿ ಬಾಯಿ ತೆರೆದರೆ ಮೊದಲ ಒಂದೆರಡು ಮಾತು ಕೇಳಿಸುತ್ತವೆ, ಆಮೇಲೆ ಅವಳ ದನಿ ತಗ್ಗಿ ಅದರ ಮೇಲೆ ಮರಾಠಿ ದನಿ ಏರುತ್ತದೆ. ಆ ಮರಾಠಿ ದನಿ ಪ್ರಣಿತಾಳದು. ಮುರುಮದ ಕಬ್ಬು ಕಡಿಯುವ ಹೆಂಗಸರು, ಕಾಸಾರಶಿರಸಿಯ ಸಂತೆಯವರು, ಎಲ್ಲರೂ ಆಕೆಯ ಗಂಟಲಿನಿಂದಲೇ ಮಹಾರಾಷ್ಟ್ರಕ್ಕೆ ಮಾತಾಡಿದ್ದರು.

ಆ ಸಲ ಬಂದದ್ದು ದಾಳಿಂಬವೆಂಬ ಹಳ್ಳಿಯ ರಂಭಾಬಾಯಿಯ ವಿಡಿಯೊ. ಗಂಡ ತೀರಿದ ಮೇಲೆ ಅವನ ಟ್ರ್ಯಾಕ್ಟರನ್ನು ತಾನೇ ಓಡಿಸಿ ಊರವರ ಹೊಲ ಹೂಡುವ ಹೆಂಗಸು. ಅದರಲ್ಲಿ ಆಕೆ ಸ್ಟಿಯರಿಂಗ್ ಮೇಲೆ ಕೈಯಿಟ್ಟು ನಗುತ್ತಿದ್ದಳು. “ಅಂವಾ ಇದ್ದಾಗ ಮುಟ್ಲಿಕ್ಕೂ ಕೊಡ್ತಿದ್ದಿಲ್ರಿ. ಈಗ ನಾನೇ ಹೊಡೀತೀನಿ. ನನಗ ಭಾಳ ಖುಷಿ ಅದ.”

ಜೊತೆಗೆ ಬಂದ ಮರಾಠಿ ಬರಹದಲ್ಲಿ ಬೇರೆಯೇ ಇತ್ತು: ಗಂಡ ಹೋದ, ಕತ್ತಲಾಯಿತು, ಹೊಟ್ಟೆಪಾಡಿಗಾಗಿ ಈ ಗಂಡಸರ ಕೆಲಸ ಹಿಡಿಯಬೇಕಾಯಿತು.

ಪ್ರಣಿತಾ ಪುಣೆಯ ವಾಹಿನಿ ಕಚೇರಿಗೆ ಫೋನು ಹಚ್ಚಿದಳು. ಆ ಭಾಗ ನೋಡಿಕೊಳ್ಳುವ ಮನೋಜ ಅವಸರದಲ್ಲಿದ್ದ. ಆಕೆ ಹಾಗೆ ಹೇಳಿಲ್ಲವೆಂದು ಇವಳೆಂದರೆ, ಮರಾಠಿಯಲ್ಲಿ ಅವನೆಂದ: “ಇದು ಮನುಷ್ಯರ ಕತೆಯ ಭಾಗ ತಾಯಿ. ಇಲ್ಲಿ ಜನರ ಕಣ್ಣು ಒದ್ದೆಯಾಗಬೇಕು. ಬರೆದದ್ದನ್ನು ಓದಿ ಕಳಿಸು, ಚಿತ್ರಕ್ಕೆ ದನಿ ಜೋಡಿಸುವವರು ಕಾಯುತ್ತಿದ್ದಾರೆ.”

ಓದಿ ಕಳಿಸಿದಳು. ದನಿಯನ್ನು ಎಲ್ಲಿ ನಡುಗಿಸಬೇಕೋ ಅಲ್ಲಿ ನಡುಗಿಸಿಯೇ ಓದಿದಳು. ಭಾನುವಾರ ಕಾರ್ಯಕ್ರಮ ಬಂದಾಗ ಟಿ.ವಿ. ಮುಂದೆ ನಿಂತಳು, ಅಡುಗೆಮನೆಗೆ ಹೋದಳು, ಮತ್ತೆ ಬಂದಳು. “ಏನಾಗ್ಯಾದ ನಿನಗ?” ಎಂದ ಸಿದ್ಧೇಶ್ವರ. “ಏನಿಲ್ಲ” ಎಂದಳು. ಮರುದಿನ ಅಡುಗೆ ಮುಗಿಸಿದ್ದೇ ಶೇರ್ ಆಟೋ ಹತ್ತಿ ದಾಳಿಂಬಕ್ಕೆ ಹೊರಟಳು.

ರಂಭಾಬಾಯಿ ಅಂಗಳದಲ್ಲಿ ಟ್ರ್ಯಾಕ್ಟರಿನ ಗಾಲಿಯ ಮಣ್ಣು ಕೆರೆಯುತ್ತಿದ್ದಳು. ಪ್ರಣಿತಾ ಬಂದ ಕಾರಣ ಹೇಳಿದಳು. ರಂಭಾಬಾಯಿ ಕೈ ನಿಲ್ಲಿಸಿ ಆಕೆಯನ್ನೇ ನೋಡಿದಳು.

“ಅಂದ್ರ ನಂದೆಂಬೋ ಆ ಅಳೂ ದನಿ ನಿಂದೇ ಏನ?”

“ಹೌದಕ್ಕಾ. ಅವ್ರು ಬರ್ದು ಕಳಿಸಿದ್ರು, ನಾ ಓದಿದೆ.”

“ನಿನ್ನೆಯಿಂದ ಊರಾಗಿನ ಮಂದಿ ಅಯ್ಯೋ ಪಾಪ ಅಂತ ಬರ್ಲಿಕತ್ತಾರ. ಮುಂದಿನ ಓಣಿಯವ ತೊಗರಿ ಹೊಲ ಹೂಡ್ಲಿಕ್ಕೆ ನನಗ ಹೇಳಿದ್ದ. ಈಗ ‘ನಿಮಗ್ಯಾಕ ತ್ರಾಸು ಬಾಯಿ, ಗಂಡಾಳು ಹುಡುಕ್ತೀನಿ’ ಅಂದಾನ.”

ಒಳಗಿನಿಂದ ಅತ್ತೆ ಮಾಣಿಕಮ್ಮ ಹೊರಬಂದಳು. ಅವಳಿಗೆ ಮಾತ್ರ ಆ ಕಾರ್ಯಕ್ರಮ ಹಿಡಿಸಿತ್ತು. “ಹಂಗ್ಯಾಕ ಬೈತಿ? ನನ್ನ ಮಗನ್ನ ನೆನಸಿ ಅತ್ತದ್ದು ಊರೆಲ್ಲಾ ಕೇಳ್ಯಾದ. ನನ್ನ ಜೀವಕ್ಕ ಸಮಾಧಾನ ಆಗ್ಯಾದ ಯವ್ವಾ” ಎಂದು ಪ್ರಣಿತಾಳ ತಲೆ ಸವರಿದಳು.

ಆ ಕೈಯ ಕೆಳಗೆ ಪ್ರಣಿತಾಳಿಗೆ ನಿಲ್ಲಲಾಗಲಿಲ್ಲ. ಮುದುಕಿ ಒಳಹೋದ ಮೇಲೆ ಮೆಲ್ಲಗೆ ಕೇಳಿದಳು: “ಅಕ್ಕಾ, ನಿಮಗ ಮರಾಠಿ ಬರ್ತದಲ್ಲ? ಮತ್ತ ಕನ್ನಡದಾಗ ಯಾಕ ಹೇಳಿದ್ರಿ?”

“ನಾ ಮರಾಠಿಯಾಗೇ ಸುರು ಮಾಡಿದ್ದೆ. ಕ್ಯಾಮೆರಾದವಾ, ಮನೀ ಮಾತಾಗ ಹೇಳ್ರಿ, ಅಸಲಿ ಕಾಣ್ತದ ಅಂದ.”

ಪ್ರಣಿತಾಳಿಗೆ ನಗು ಬಂತು, ಸಿಟ್ಟೂ ಬಂತು. ನೋಡುಗರ ಅಭಿಪ್ರಾಯದ ಭಾಗಕ್ಕೆ ಯಾರು ಬೇಕಾದರೂ ಮೊಬೈಲಿನಲ್ಲಿ ಮಾತಾಡಿ ಕಳಿಸಬಹುದು, ಅದನ್ನು ಆರಿಸುವವರು ಬೇರೆ, ಅಲ್ಲಿ ಮೇಲೆ ದನಿ ಹಾಕುವ ಪದ್ಧತಿಯಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ರಂಭಾಬಾಯಿಯ ಮೊಬೈಲನ್ನೇ ಕೈಗೆ ತೆಗೆದುಕೊಂಡಳು.

ರಂಭಾಬಾಯಿ ತಲೆಯ ಸೆರಗು ಸರಿಮಾಡಿಕೊಂಡು ಟ್ರ್ಯಾಕ್ಟರ್ ಹತ್ತಿ ಕೂತಳು.

“ಹೂಂ ಅಕ್ಕಾ, ಮಾತಾಡ್ರಿ” ಎಂದಳು ಪ್ರಣಿತಾ, ಮೊಬೈಲಿನ ಕ್ಯಾಮೆರಾ ಚಾಲೂ ಮಾಡಿ ಎದುರಿಗೆ ಹಿಡಿದು.

“ಮೀ ದಾಳಿಂಬಚೀ ರಂಭಾಬಾಯಿ” ಎಂದು ಅವಳು ಮರಾಠಿಯಲ್ಲಿ ಶುರುಮಾಡಿದಳು. ತಾನು ಅತ್ತಿಲ್ಲ, ಟ್ರ್ಯಾಕ್ಟರ್ ಓಡಿಸುವುದು ತನಗೆ ಇಷ್ಟ, ಅದಕ್ಕೇ ಓಡಿಸುತ್ತೇನೆ ಎಂದಳು. “ಮಲಾ ಆವಡತೆ ಮ್ಹಣೂನ ಚಾಲವತೆ.” ನಂತರ, ಕ್ಯಾಮೆರಾ ಮರೆತು, ಕನ್ನಡದಲ್ಲೇ ಕೇಳಿದಳು: “ಇಷ್ಟು ಸಾಕೇನ?”

ಮುಂದಿನ ಭಾನುವಾರ ಅದು ಬಂತು. ಯಾರೂ ಏನನ್ನೂ ಕತ್ತರಿಸಿರಲಿಲ್ಲ. ‘ಹೂಂ ಅಕ್ಕಾ, ಮಾತಾಡ್ರಿ’ ಕೂಡ ಹಾಗೇ ಉಳಿದಿತ್ತು. ತೊಳೆಯುತ್ತಿದ್ದ ತಾಟು ಹಿಡಿದೇ ಓಡಿಬಂದಿದ್ದ ಪ್ರಣಿತಾ ಅದನ್ನು ಕೇಳಿ ಬೆಚ್ಚಿದಳು.

ಮನೋಜನಿಗೂ ಆ ದನಿಯ ಗುರುತು ಹತ್ತಿತ್ತು. ಸಂಜೆಯೊಳಗೆ ಫೋನು ಬಂತು. ಅವನು ಕೂಗಾಡಲಿಲ್ಲ. “ಇನ್ನು ನಿನಗೆ ಕಳಿಸುವುದಿಲ್ಲ” ಎಂದಷ್ಟೇ ಹೇಳಿ ಇಟ್ಟ. ಕೆಲವು ವಾರಗಳಲ್ಲೇ ನಿಲಂಗಾ ಕಡೆಯ ಒಬ್ಬ ಮುದುಕಿಯ ಮಾತಿನ ಮೇಲೆ ಬೇರೆ ಯಾವಳೋ ಹುಡುಗಿಯ ದನಿ ಏರಿತ್ತು, ನಡುಗುತ್ತ.

ದಾಳಿಂಬದಲ್ಲಿ ತೊಗರಿ ಹೊಲದವನು ಮತ್ತೆ ರಂಭಾಬಾಯಿಯನ್ನೇ ಕರೆದ. ಆದರೆ ಮಾಣಿಕಮ್ಮ ಸೊಸೆಯೊಂದಿಗೆ ಮಾತು ಬಿಟ್ಟಳು. ಇದನ್ನೆಲ್ಲ ರಂಭಾಬಾಯಿಯೇ, ಉಮರಗಾದ ಅಂಗಡಿಯ ಮುಂದೆ ಟ್ರ್ಯಾಕ್ಟರ್ ಅಡ್ಡ ನಿಲ್ಲಿಸಿ, ಹಿಂದಿನ ಆಟೋದವರ ಹಾರ್ನಿನ ನಡುವೆ ಪ್ರಣಿತಾಳಿಗೆ ಹೇಳಿದಳು.

“ನಿನ್ನ ಕೆಲಸ ಹೋಯ್ತಂತಲ್ಲ ತಂಗಿ?”

“ಹೋಯ್ತಕ್ಕಾ.”

“ಮತ್ತ ಈಗ ಏನ್ ಮಾಡ್ತಿ?”

“ಗೊತ್ತಿಲ್ರಿ. ಒಂದ್ ಕಡಿ ಕೂಡ್ಲಿಕ್ಕೇ ಆಗಲಾರದಂಗಾಗ್ಯಾದ.”

“ಹಂಗಾದ್ರ ಹತ್ತು” ಎಂದಳು ರಂಭಾಬಾಯಿ. “ಮುರುಮಕ್ಕ ಹೊಂಟೀನಿ, ಸಂಜಿಗೆ ಇಬ್ಬರೂ ತಿರುಗಿ ಬರಮು.”

ಪ್ರಣಿತಾ ಅಂಗಡಿಯ ಕಡೆ ನೋಡಿದಳು. ಸಿದ್ಧೇಶ್ವರ ಗಿರಾಕಿಯ ಮುಂದೆ ಸೀರೆ ಹರವುತ್ತಿದ್ದ. “ಬರ್ತೀನ್ರಿ” ಎಂದು ಅವನಿಗೆ ಕೂಗಿ ಹೇಳಿ, ಅವನು ತಲೆಯೆತ್ತುವಷ್ಟರಲ್ಲಿ ಗಾಲಿಯ ಮೇಲಿನ ತಗಡು ಹಿಡಿದು ಹತ್ತಿಬಿಟ್ಟಳು.