ಹುಣಸೆ ಮೂಟೆಯ ಮೇಲೆ ಕೂತ ಹೈಸ್ಕೂಲು

ಆಗಿನ್ನೂ ಮಹಾರಾಜರ ಕಾಲ. ಮಧುಗಿರಿ ಸೀಮೆಯ ನಮ್ಮೂರಿನಲ್ಲಿ ಮಿಡಲ್ ಸ್ಕೂಲು ಮುಗಿಸಿದ ಗಂಡುಹುಡುಗರು ತುಮಕೂರಿಗೆ ಹೋಗಿ, ಮಠದಲ್ಲೋ ನೆಂಟರಲ್ಲೋ ಉಳಿದು ಓದುತ್ತಿದ್ದರು. ಹೆಣ್ಣುಮಕ್ಕಳು ಅಡುಗೆಮನೆಗೆ ಪಾಸಾಗುತ್ತಿದ್ದರು. ಇಂಥ ಊರಿನಲ್ಲಿ ನಾಲ್ಕಾರು ವ್ಯಾಪಾರಸ್ಥರು ಸೇರಿ ಹೈಸ್ಕೂಲು ತೆರೆದರು. ಮೇಷ್ಟರು ಸಿಕ್ಕಿದರು, ಗಂಟೆ ಸಿಕ್ಕಿತು, ಕಟ್ಟಡ ಮಾತ್ರ ಸಿಗಲಿಲ್ಲ. ನಮ್ಮ ತಾತ ತಮ್ಮ ಹುಣಸೆಹಣ್ಣಿನ ಮಂಡಿಯಲ್ಲಿ ಅರ್ಧ ಜಾಗ ಬಿಟ್ಟುಕೊಟ್ಟರು. ಉಳಿದರ್ಧದಲ್ಲಿ ಹುಣಸೆಹಣ್ಣೇ ಇತ್ತು. ಆ ಹೈಸ್ಕೂಲೇ ಬೆಳೆದು ಈಗ ಕಾಲೇಜಾಗಿದೆ.

ಮಂಡಿಗೂ ತರಗತಿಗೂ ನಡುವೆ ಇದ್ದದ್ದು ಒಂದು ಗೋಣಿತಾಟಿನ ಪರದೆ. ಶಿವರಾತ್ರಿ ಕಳೆದು ಹೊಸ ಹಣ್ಣು ಬಂತೆಂದರೆ ಆ ಹುಳಿಸಿಹಿ ವಾಸನೆಗೆ ಬಾಯಿ ತೆರೆಯುವುದೇ ಕಷ್ಟ. ಪದ್ಯಕ್ಕಿಂತ ಮೊದಲು ಜೊಲ್ಲು ಹೊರಡುತ್ತಿತ್ತು. ಮೇಷ್ಟರು ಪ್ರತಿ ಇಂಗ್ಲಿಷ್ ವಾಕ್ಯದ ಕೊನೆಗೂ ಗುಟುಕ್ಕೆಂದು ನುಂಗುತ್ತಿದ್ದರು. ಇಂಗ್ಲಿಷ್ ಮಾತಾಡುವ ಕ್ರಮವೇ ಹಾಗೆಂದು ನಂಬಿ ನಾವೂ ನುಂಗುತ್ತಿದ್ದೆವು. ಮುಂದೆ ಮೈಸೂರಿನಲ್ಲಿ ಓದುವಾಗ ಅಲ್ಲಿನ ಪ್ರೊಫೆಸರುಗಳು ನುಂಗದೆ ಪಾಠ ಮಾಡುವುದನ್ನು ಕಂಡು ನನಗೆ ಅನುಮಾನವೇ ಬಂದಿತ್ತು.

ಶಾಲೆ ತೆರೆದ ಮೊದಲ ಬೇಸಿಗೆಯಲ್ಲಿ ಇನ್‌ಸ್ಪೆಕ್ಟರು ಬರುವ ಸುದ್ದಿ ಬಂತು. ಅವರು ಒಪ್ಪದಿದ್ದರೆ ಶಾಲೆಗೆ ಸರ್ಕಾರದ ಮಂಜೂರಾತಿ ಇಲ್ಲ, ಬಾಗಿಲು ಮುಚ್ಚಬೇಕು. ಗಂಡುಹುಡುಗರಿಗೇನೋ ತುಮಕೂರಿತ್ತು. ಶಾಲೆಯ ಒಬ್ಬಳೇ ಹುಡುಗಿಯಾದ ನನಗೆ ಮಿಡಿಗೇಶಿಯಲ್ಲೊಬ್ಬ ವರನಿದ್ದ. ಅಜ್ಜಿ ಆಗಲೇ ನೋಡಿಟ್ಟಿದ್ದರು.

ಮೇಷ್ಟರು ಮನೆಗೇ ಬಂದರು. "ಸಾವ್ಕಾರ್ರೇ, ಮಂಡಿಯಲ್ಲಿ ಶಾಲೆ ಅಂದ್ರೆ ಅವರು ಒಪ್ಪೋದಿಲ್ಲ. ಹಣ್ಣು ಸಾಗಿಸಿಬಿಡಿ."

"ಇನ್ನೂ ರೇಟೇ ಎದ್ದಿಲ್ಲ ಮೇಷ್ಟ್ರೇ, ಈಗೆಲ್ಲಿಗೆ ಸಾಗ್ಸಾನ?" ಎಂದರು ತಾತ.

"ನಿಮ್ ತಲೆ ಮ್ಯಾಲೆ ಮಡಿಕ್ಕಳಿ," ಒಳಗಿನಿಂದ ಅಜ್ಜಿಯ ದನಿ.

ಆ ಮಾತೇ ತಾತನಿಗೆ ದಾರಿ ತೋರಿಸಿತೋ ಏನೋ. "ಮೂಟೆ ಮಲಗ್ಸಿ ಮ್ಯಾಲೆ ಜಮಖಾನ ಹಾಸ್ಬುಟ್ರೆ ವೇದಿಕೆ ಆಗೋಯ್ತದೆ. ಇನ್‌ಸ್ಪೆಟ್ರನ್ನ ಅದ್ರ ಮ್ಯಾಲೇ ಕೂರ್ಸಾನ. ಕೂತೋರಿಗೆ ಕೆಳಗೇನೈತೆ ಅಂತ ಹೆಂಗೆ ಗೊತ್ತಾಯ್ತದೆ?"

ಇನ್‌ಸ್ಪೆಕ್ಟರು ಬಂದರು. ನನ್ನ ನೆನಪಿನಲ್ಲಿ ಅವರು ದಪ್ಪಗಿದ್ದಾರೆ. ಜೊತೆಗೆ ಓದಿದ ಒಬ್ಬರು, ಕಡ್ಡಿಯಂತಿದ್ದರು ಎಂದು ಇಂದಿಗೂ ವಾದಿಸುತ್ತಾರೆ. ಕಡ್ಡಿಯಂತಿದ್ದರೆ ಮುಂದಿನದು ನಡೆಯುವಂತಿರಲಿಲ್ಲ, ಆದ್ದರಿಂದ ನನ್ನ ನೆನಪನ್ನೇ ಇಟ್ಟುಕೊಂಡಿದ್ದೇನೆ.

ತಗಡಿನ ಸೂರು ಕಾದಿತ್ತು. ಕೆಳಗೆ ಹಣ್ಣು ಮೆತ್ತಗಾಗಿತ್ತು. ಭೂಗೋಳದ ಪಾಠ ನಡೆಯುತ್ತಿರುವಾಗ, ವೇದಿಕೆಯ ಮೇಲೆ ಅವರಿಗೆಂದು ಹಾಕಿದ್ದ ಕುರ್ಚಿಯ ಹಿಂಗಾಲೆರಡು ನಿಧಾನವಾಗಿ ಇಳಿಯತೊಡಗಿದವು. ಇನ್‌ಸ್ಪೆಕ್ಟರು ಸೂರು ನೋಡುತ್ತಾ ಪ್ರಶ್ನೆ ಕೇಳುವಂತಾಯಿತು. ಕೇಳುವ ಮೊದಲು ಅವರೂ ಗುಟುಕ್ಕೆಂದು ನುಂಗಿದರು. ಕೊನೆಗೆ ತಡೆಯಲಾರದೆ, "ಸಾವ್ಕಾರ್ರೇ, ನನ್ನ ಕೆಳಗೆ ಏನಿದೆ?" ಎಂದರು.

"ನೆಲ ಸ್ವಾಮಿ," ಎಂದರು ತಾತ.

"ನೆಲ ನನ್ನನ್ನ ನುಂಗ್ತಾ ಇದೆಯಲ್ರೀ!" ಎನ್ನುತ್ತಾ ಅವರು ಮುಂದಿನ ಸಾಲಿನಲ್ಲಿದ್ದ ನನ್ನತ್ತ ತಿರುಗಿದರು. "ನೀನು ಹೇಳಮ್ಮ."

ಬಾಯಿ ತುಂಬ ನೀರು. ಉಗುಳಬೇಕು, ಇಲ್ಲವೇ ನುಂಗಿ ಮಾತಾಡಬೇಕು. ನುಂಗಿದೆ.

"ಹುಣ್ಸೆಹಣ್ಣು ಸ್ವಾಮಿ. ಇನ್ನೂ ರೇಟೆದ್ದಿಲ್ಲ."

ತಾತ ಕಣ್ಣು ಮುಚ್ಚಿಕೊಂಡರು. ಇನ್‌ಸ್ಪೆಕ್ಟರು ಜೋರಾಗಿ ನಕ್ಕರೆಂದು ಆಮೇಲೆ ಮನೆಯಲ್ಲಿ ಹೇಳುತ್ತಿದ್ದರು. ನಕ್ಕರೋ ಇಲ್ಲವೋ, ನನಗೆ ನೆನಪಿರುವುದು ಅವರು ಎದ್ದದ್ದು ಮತ್ತು ಕುರ್ಚಿ ಏಳದೆ ಉಳಿದದ್ದು. "ಹಣ್ಣೋ ಮಕ್ಕಳೋ, ಒಂದನ್ನ ಇಟ್ಕೊಳ್ಳಿ ಸಾವ್ಕಾರ್ರೇ. ನಾಳೆ ಬೆಳಿಗ್ಗೆ ಇನ್ನೊಂದು ಸಲ ಬಂದು ನೋಡ್ತೀನಿ," ಎಂದು ಹೊರಟರು.

ತಾತ ಮೂಟೆಗಳನ್ನು ನೋಡಿದರು, ನನ್ನನ್ನು ನೋಡಿದರು. ಮತ್ತೆ ಮೂಟೆಗಳನ್ನೇ ಬಹಳ ಹೊತ್ತು ನೋಡಿದರು.  ಆಮೇಲೆ ಗಾಡಿ ಕಟ್ಟಿಸಿದರು.

ಸಂಜೆಯ ಹೊತ್ತಿಗೆ ಮಂಡಿಯ ಹಣ್ಣೆಲ್ಲ ನಮ್ಮ ಮನೆಯಲ್ಲಿತ್ತು. ನಡುಮನೆ, ಪಡಸಾಲೆ, ಮಂಚದ ಕೆಳಗೆ, ದೇವರ ಗೂಡಿನ ಮುಂದೆ ಎಲ್ಲೆಲ್ಲೂ ಮೂಟೆ. ಅಜ್ಜಿ ಒಲೆಯ ಮುಂದೆ ಸಿಕ್ಕಿಹಾಕಿಕೊಂಡು ಅಲ್ಲಿಂದಲೇ ಕೂಗಿದರು: "ಮಿಡಿಗೇಶಿಯೋರು ಹೆಣ್ಣು ನೋಡೋಕೆ ಬಂದ್ರೆ ಎಲ್ಲಿ ಕೂರ್ಸ್ಲಿ?"

"ಇನ್ನೊಂದು ನಾಕೊರ್ಸ ಬರಬ್ಯಾಡ್ರಿ ಅಂತ ಹೇಳಿ ಕಳ್ಸು," ಎಂದರು ತಾತ. "ಜಾಗಿಲ್ಲ."

ಮಾರನೆಯ ದಿನ ಮಂಜೂರಾತಿಗೆ ಒಪ್ಪಿಗೆಯಾಯಿತು. ರೇಟು ಏಳುವ ತನಕ ನಾವೆಲ್ಲ ಮೂಟೆಗಳ ಸಂದಿಯಲ್ಲಿ ಉಂಡೆವು, ಮೂಟೆಗಳ ಮೇಲೆ ಮಲಗಿದೆವು. ಅಜ್ಜಿ ಬೈಯುವಾಗಲೂ ನಡುನಡುವೆ ನುಂಗುತ್ತಿದ್ದರು.

ಈಚೆಗೆ ಕಾಲೇಜಿನವರು ಒಂದು ಸಮಾರಂಭಕ್ಕೆ ಕರೆದಿದ್ದರು. ಮಂಡಿ ಇದ್ದ ಕಡೆ ಮೂರು ಅಂತಸ್ತಿನ ಕಟ್ಟಡ ಎದ್ದಿದೆ. ಹೆಣ್ಣುಮಕ್ಕಳೇ ಹೆಚ್ಚಾಗಿದ್ದರು, ಅದು ಸಂತೋಷ. ಮೂಗರಳಿಸಿ ನೋಡಿದೆ, ಫಿನಾಯಿಲಿನ ವಾಸನೆ. ಭಾಷಣಕ್ಕೆ ಎದ್ದಾಗ ಅಭ್ಯಾಸಬಲದಿಂದ ಮೊದಲು ನುಂಗಿದೆ. ಮುದುಕಿಗೆ ಬಾಯಾರಿತೆಂದು ಯಾರೋ ನೀರು ತಂದುಕೊಟ್ಟರು. ಕುಡಿದು, ಎರಡು ಮಾತಾಡಿ ಮತ್ತೆ ಕೂತೆ. ವೇದಿಕೆ ಸಿಮೆಂಟಿನದು, ಬಲು ಗಟ್ಟಿ. ಕುರ್ಚಿ ಸ್ವಲ್ಪವೂ ಕುಸಿಯಲಿಲ್ಲ. ಅದರ ಕೆಳಗೆ ಯಾರ ತಾತನ ಮೂಟೆಯೂ ಇರಲಿಲ್ಲ.